ಡೇರ್, ಡೀ, ಡಾಸ್: ನನಗೆ ದಾರಿ ಸಿಕ್ಕಿದ್ದು ಹೀಗೆ

ದಾವಣಗೆರೆಯ ನಮ್ಮ ಮನೆಯಲ್ಲೇ ಕೂತು ಆರು ತಿಂಗಳಿಂದ ಜರ್ಮನ್ ಕಲಿಯುತ್ತಿದ್ದೇನೆ. ಮೊದಲ ಮೂರು ತಿಂಗಳು ಒಂದೇ ಕಡೆ ಸಿಕ್ಕಿಕೊಂಡಿದ್ದೆ: ಲಿಂಗ. ಕನ್ನಡದಲ್ಲಿ ಇದು ಸುಲಭ ಅಲ್ವಾ? ಗಂಡಸಾದರೆ ಬಂದನು, ಹೆಂಗಸಾದರೆ ಬಂದಳು, ಉಳಿದದ್ದೆಲ್ಲ ಬಂದಿತು, ಅರ್ಥ ಗೊತ್ತಿದ್ದರೆ ಸಾಕು. ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ. ಅದನ್ನು ತೋರಿಸಲು ಪದದ ಮುಂದೆ ಒಂದು ಪುಟ್ಟ ಪದ ಬರುತ್ತದೆ: ಪುಲ್ಲಿಂಗಕ್ಕೆ 'ಡೇರ್', ಸ್ತ್ರೀಲಿಂಗಕ್ಕೆ 'ಡೀ', ನಪುಂಸಕಕ್ಕೆ 'ಡಾಸ್'. ಹುಡುಗಿ ಅನ್ನುವ 'ಮೇಡ್ಶೆನ್' ಕೂಡ ನಪುಂಸಕ!

ನಾನು ಪದವನ್ನಷ್ಟೇ ಬಾಯಿಪಾಠ ಮಾಡಿ, ಲಿಂಗ ಆಮೇಲೆ ನೋಡೋಣ ಅಂತ ಬಿಡುತ್ತಿದ್ದೆ, ಮತ್ತೆ ಅದರ ಕಾರಣವನ್ನು ಸುಮ್ನೆ ಅರ್ಥದಲ್ಲಿ ಹುಡುಕುತ್ತಿದ್ದೆ. ಎಷ್ಟೋ ಸಲ ಕಾರಣ ಪದದ ಬಾಲದಲ್ಲಿರುತ್ತದೆ. 'ಉಂಗ್', 'ಹೈಟ್', 'ಕೈಟ್' ಪ್ರತ್ಯಯ ಸೇರಿ ಆದ ಪದಗಳೆಲ್ಲ 'ಡೀ', ಅಂದರೆ ಸ್ತ್ರೀಲಿಂಗ. 'ಶೆನ್' ಸೇರಿಸಿ ಚಿಕ್ಕದು, ಮುದ್ದಾದದ್ದು ಅಂತ ಮಾಡಿದ ಪದ 'ಡಾಸ್', ನಪುಂಸಕ. ಮೇಡ್ಶೆನ್ ಗುಟ್ಟು ಇಷ್ಟೇ! ಅದು ತಿಳಿದ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಬಾಲದಿಂದ ಗೊತ್ತಾಗದ ಪದಗಳಿಗೆ ಬಣ್ಣದ ಚೀಟಿ ಮಾಡಿದೆ. ಡೇರ್ ನೀಲಿ, ಡೀ ಕೆಂಪು, ಡಾಸ್ ಹಸಿರು. ಅಡುಗೆಮನೆಯ ಡಬ್ಬಿ, ತಟ್ಟೆ, ಫ್ರಿಜ್ ಎಲ್ಲದಕ್ಕೂ ಅಂಟಿಸಿದೆ. ಅಮ್ಮ ಬೈಯಲಿಲ್ಲ, ಸೊಪ್ಪು ಸೋಸುತ್ತಾ "ಬೆಣ್ಣೆ ಯಾವ ಬಣ್ಣನೋ?" ಅಂತ ಕೇಳುತ್ತಿದ್ದರು. ಕೆಂಪು, ಡೀ ಬುಟರ್. ಈ ಊರಿನವನಿಗೆ ಅದು ಮರೆಯುವುದುಂಟೇ? ಹೋಟೆಲಿನಲ್ಲಿ ದೋಸೆ ತಿಂದು ಬಿಲ್ ಬಂದಾಗಲೂ ಈಗ ಮನಸ್ಸಿನಲ್ಲಿ ತಾನಾಗಿ 'ಡೀ ರೆಷ್ನುಂಗ್' ಅಂತ ಬರುತ್ತದೆ. ಬಾಲದಲ್ಲಿ ಉಂಗ್ ಇದೆಯಲ್ಲ.