ಊರ ಕಬಡ್ಡಿ ಪಂದ್ಯಾಟದಿಂದ ನೆರವಿನ ಹಣ ಕೂಡಿಸುವುದು ಹೇಗೆ?

ಕರಾವಳಿಯಲ್ಲಿ ಮಳೆಗಾಲ ಮುಗಿದು ಗದ್ದೆ ಕಟಾವಾದ ಮೇಲೆ ವಾರಕ್ಕೊಂದು ಹೊನಲು ಬೆಳಕಿನ ಕಬಡ್ಡಿ ನಡೆಯುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಚಿಕಿತ್ಸೆಗೋ ಸರ್ಕಾರಿ ಶಾಲೆಯ ಶೌಚಾಲಯಕ್ಕೋ ಎಂದು ಕರೆಪತ್ರದಲ್ಲಿ ಅಚ್ಚಾಗಿರುತ್ತದೆ. ಆಟ ಚೆನ್ನಾಗಿಯೇ ಆಗುತ್ತದೆ. ಆದರೆ ವೇದಿಕೆ, ಫ್ಲೆಕ್ಸು, ಶಾಲು, ಧ್ವನಿವರ್ಧಕಕ್ಕೆಲ್ಲ ಕೊಟ್ಟು ಮುಗಿಸಿದಾಗ ನೆರವಿಗೆಂದು ಉಳಿಯುವುದು ತೀರ ಕಡಿಮೆ. ಹಾಗಾಗಿ ಉಳಿದದ್ದನ್ನು ಕೊಡುತ್ತೇವೆ ಎಂದು ಹೊರಡಬಾರದು. ಕೊಡಬೇಕಾದ ಮೊತ್ತವನ್ನು ಮೊದಲ ಸಭೆಯಲ್ಲೇ ನಿಗದಿ ಮಾಡಿ, ಆಮೇಲೆ ಖರ್ಚಿನ ಪಟ್ಟಿ ಬರೆಯಿರಿ.

ಎರಡು ತಿಂಗಳು ಮೊದಲು: ಲೆಕ್ಕ

ಸಂಘದ ಹೆಸರಿನಲ್ಲಿ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಹಣ ತೆಗೆಯಲು ಇಬ್ಬರ ಸಹಿ ಬೇಕೆಂದು ಬರೆಸಿ. ಕ್ಯೂಆರ್ ಕೋಡ್ ಈ ಖಾತೆಯದ್ದೇ ಆಗಿರಲಿ, ಯಾರೊಬ್ಬರ ಸ್ವಂತ ಮೊಬೈಲಿನದ್ದು ಬೇಡ. ರಸೀದಿ ಪುಸ್ತಕಗಳಿಗೆ ಕ್ರಮಸಂಖ್ಯೆ ಹಾಕಿಸಿ, ಯಾವ ಪುಸ್ತಕ ಯಾರ ಕೈಯಲ್ಲಿದೆ ಎಂದು ಬರೆದಿಡಿ.

ಪ್ರವೇಶ ಶುಲ್ಕವನ್ನು ನಂಬಿ ಬಜೆಟ್ ಮಾಡುವುದೇ ಮೊದಲ ತಪ್ಪು. 16 ತಂಡ, ತಲಾ 1,500 ರೂಪಾಯಿ ಎಂದುಕೊಳ್ಳಿ, ಬರುವುದು 24,000. ಮೊದಲ ಬಹುಮಾನ 15,000, ಎರಡನೆಯದು 10,000, ಸೆಮಿಫೈನಲ್‌ನಲ್ಲಿ ಸೋತ ಎರಡು ತಂಡಗಳಿಗೆ ತಲಾ 5,000 ಇಟ್ಟರೆ 35,000 ಆಯಿತು. ಅಲ್ಲಿಗೇ 11,000 ಕೊರತೆ. ಬಹುಮಾನಕ್ಕೆ ಪ್ರಾಯೋಜಕರು ಸಿಕ್ಕ ಮೇಲೆಯೇ ಕರೆಪತ್ರ ಅಚ್ಚಿಗೆ ಕೊಡಿ. ಅಂಗಡಿಯವರ ಹತ್ತಿರ ಹಣಕ್ಕಿಂತ ಸಾಮಾನು ಕೇಳುವುದು ಸುಲಭ: ಒಬ್ಬರಿಂದ ಅಕ್ಕಿ, ಇನ್ನೊಬ್ಬರಿಂದ ಟ್ರೋಫಿ, ಮತ್ತೊಬ್ಬರಿಂದ ನೀರಿನ ಕ್ಯಾನು. ಚರ್ಮುರಿ, ಗೋಳಿಬಜೆ, ಚಹಾದ ಅಂಗಡಿಯನ್ನು ಹೊರಗಿನವರಿಗೆ ಬಾಡಿಗೆಗೆ ಕೊಡುವ ಬದಲು ಊರಿನ ಸ್ವಸಹಾಯ ಸಂಘಕ್ಕೆ ವಹಿಸಿ, ಲಾಭದಲ್ಲಿ ಪಾಲು ಮಾತಾಡಿಕೊಳ್ಳಿ.

ಲಕ್ಕಿ ಕೂಪನ್ ಮಾರಾಟ ಬೇಡವೇ ಬೇಡ. ರಾಜ್ಯದಲ್ಲಿ 2007ರಿಂದ ಲಾಟರಿ ನಿಷೇಧವಿದೆ. ಒಳ್ಳೆಯ ಉದ್ದೇಶವೆಂಬ ಕಾರಣಕ್ಕೆ ಕಾನೂನು ಸಡಿಲವಾಗುವುದಿಲ್ಲ.

ಒಂದು ತಿಂಗಳು ಮೊದಲು: ಅನುಮತಿ, ದಿನಾಂಕ

ಶಾಲಾ ಮೈದಾನವಾದರೆ ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ, ಬ್ಯಾನರಿಗೆ ಪಂಚಾಯತ್, ಮೈಕಿಗೆ ಪೊಲೀಸ್ ಠಾಣೆ, ತಾತ್ಕಾಲಿಕ ವಿದ್ಯುತ್ತಿಗೆ ಮೆಸ್ಕಾಂ. ಎಲ್ಲವೂ ಬರವಣಿಗೆಯಲ್ಲೇ ಇರಲಿ. ಅಕ್ಕಪಕ್ಕದ ಊರಿನ ಕೋಲ, ಜಾತ್ರೆ, ಯಕ್ಷಗಾನ ಅದೇ ದಿನ ಇಲ್ಲವೆಂದು ವಿಚಾರಿಸಿಕೊಳ್ಳಿ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ ಎನ್ನುತ್ತವೆ ಶಬ್ದಮಾಲಿನ್ಯ ನಿಯಮಗಳು. ಎಷ್ಟು ತಂಡ ಕರೆಯಬೇಕು ಎಂಬುದು ಇದರಿಂದಲೇ ತೀರ್ಮಾನವಾಗಬೇಕು. ನಾಕೌಟ್‌ನಲ್ಲಿ 16 ತಂಡಕ್ಕೆ 15 ಪಂದ್ಯ. 10 ನಿಮಿಷದ ಎರಡು ಅವಧಿ, ನಡುವೆ ವಿರಾಮ, ಟೈಮ್‌ಔಟ್, ತಂಡ ಬದಲಾಗುವ ಹೊತ್ತು ಸೇರಿ ಒಂದು ಪಂದ್ಯಕ್ಕೆ ಅರ್ಧ ಗಂಟೆ ಹಿಡಿಯಿರಿ. ಏಳೂವರೆ ಗಂಟೆ ಆಯಿತು. ಮಧ್ಯಾಹ್ನ 1ಕ್ಕೆ ಶುರುಮಾಡಿದರೆ ಸಭೆಯೂ ಸೇರಿ ರಾತ್ರಿ 9ಕ್ಕೆ ಮುಗಿಯುತ್ತದೆ, ಒಂದು ಗಂಟೆ ಕೈಯಲ್ಲಿರುತ್ತದೆ. 24 ತಂಡ ಸೇರಿಸಿದರೆ 23 ಪಂದ್ಯ. ಒಂದೇ ಅಂಕಣದಲ್ಲಿ ಆಡಿಸಿದರೆ ನಡುರಾತ್ರಿ ದಾಟುತ್ತದೆ.

ಅಂಕಣ

ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದು 12 ಮತ್ತು 8. ಪುರುಷರ ಅಂಕಣದಲ್ಲಿ ನಡುಗೆರೆಯಿಂದ 3.75 ಮೀಟರಿಗೆ ಬಾಕ್ ಲೈನ್ (ದಾಳಿಗೆ ಬಂದವರು ದಾಟಬೇಕಾದ ಗೆರೆ), ಅಲ್ಲಿಂದ ಒಂದು ಮೀಟರಿಗೆ ಬೋನಸ್ ಗೆರೆ, ಎರಡೂ ಬದಿಗೆ ಒಂದೊಂದು ಮೀಟರಿನ ಲಾಬಿ ಎಂಬ ಪಟ್ಟಿ. ಒಂದು ಮೀಟರ್ ಚೌಕದ ಮ್ಯಾಟ್ ಆದರೆ ಅಂಕಣಕ್ಕೇ 130 ಬೇಕು. ಸುತ್ತ ಒಂದು ಮೀಟರ್ ಅಂಚು ಬಿಡಲು 180 ತರಿಸಿ. ಆಟಗಾರ ಗೆರೆಯಾಚೆ ಉರುಳಿದಾಗ ಮೊಣಕೈ ಕಲ್ಲುನೆಲಕ್ಕೆ ತಾಗಬಾರದು.

ಮ್ಯಾಟಿನ ತೊಂದರೆಯೆಲ್ಲ ಅದರ ಸಂದಿಯಲ್ಲಿದೆ. ಕೆಳಗಿನ ಮಣ್ಣು ಸಡಿಲವಿದ್ದರೆ ನಾಲ್ಕೈದು ಪಂದ್ಯ ಕಳೆಯುವಷ್ಟರಲ್ಲಿ ಮ್ಯಾಟುಗಳನ್ನು ಒಂದಕ್ಕೊಂದು ಹಿಡಿದಿಡುವ ಹಲ್ಲುಗಳು ಬಿಟ್ಟುಕೊಂಡು ಬೆರಳಗಲದ ಬಿರುಕು ಬೀಳುತ್ತದೆ. ದಾಳಿಗಾರ ಹಿಂದಕ್ಕೆ ತಿರುಗುವಾಗ ಶೂವಿನ ತುದಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಪಾದ ಅಲ್ಲೇ ನಿಂತು ಮಂಡಿ ತಿರುಚುತ್ತದೆ. ಹಿಂದಿನ ದಿನವೇ ನೆಲಕ್ಕೆ ನೀರು ಹಾಕಿ ರೋಲರ್ ಎಳೆದು, ಟಾರ್ಪಾಲು ಹಾಸಿ, ಮೇಲೆ ಮ್ಯಾಟ್ ಜೋಡಿಸಿ ಸಂದಿಗಳಿಗೆ ಟೇಪ್ ಹಚ್ಚಿ. ಪ್ರತಿ ಪಂದ್ಯದ ಬಳಿಕ ಇಬ್ಬರು ಸ್ವಯಂಸೇವಕರು ಸಂದಿ ಒತ್ತುತ್ತಾ ನಡೆದು ಬರಲಿ.

ಇನ್ನೊಂದು ಕಾಟ ಇಬ್ಬನಿ. ಡಿಸೆಂಬರ್, ಜನವರಿಯಲ್ಲಿ ಕತ್ತಲಾದ ಮೇಲೆ ಮ್ಯಾಟ್ ಸದ್ದಿಲ್ಲದೆ ಒದ್ದೆಯಾಗುತ್ತದೆ. ಅಂಗೈಯಿಂದ ಮುಟ್ಟಿ ನೋಡಿದರಷ್ಟೇ ಗೊತ್ತಾಗುವುದು. ಅಂಕಣದ ಮೇಲೆ ಎತ್ತರದ ಶಾಮಿಯಾನ ಹಾಕಿಸಿ, ಒಣಬಟ್ಟೆಯ ಮಾಪ್ ನಾಲ್ಕಾದರೂ ಇಡಿ. ದೀಪದ ಕಂಬಗಳು ಗೆರೆಯಿಂದ ದೂರವಿರಲಿ, ಬುಡಕ್ಕೆ ಫೋಮ್ ಸುತ್ತಿ. ಜನರೇಟರ್ ಬಾಡಿಗೆಗೆ ತರುವಾಗ ಮೊದಲು ದೀಪಕ್ಕೆ, ಆಮೇಲೆ ಮೈಕಿಗೆ ಎಂದು ಲೆಕ್ಕ ಹಾಕಿ.

ಗ್ಯಾಲರಿ ಕಟ್ಟದಿದ್ದರೇ ಒಳ್ಳೆಯದು. 2021ರ ಮಾರ್ಚ್‌ನಲ್ಲಿ ತೆಲಂಗಾಣದ ಸೂರ್ಯಾಪೇಟೆಯ ರಾಷ್ಟ್ರೀಯ ಜೂನಿಯರ್ ಕಬಡ್ಡಿ ಕೂಟದಲ್ಲಿ ತಾತ್ಕಾಲಿಕ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಮುಂದೆ ಚಾಪೆ, ಹಿಂದೆ ಕುರ್ಚಿ, ಅದರಾಚೆ ನಿಲ್ಲುವವರು. ಊರ ಕೂಟಕ್ಕೆ ಇಷ್ಟು ಸಾಕು.

ಆಟದ ದಿನ

ಜಗಳ ಹುಟ್ಟುವುದು ಮೂರು ಕಡೆ: ತೂಕ, ಒಬ್ಬನೇ ಎರಡು ತಂಡಕ್ಕೆ ಆಡುವುದು, ಸಮಬಲ. ತೂಕದ ವಿಭಾಗವಿದ್ದರೆ ಒಂದೇ ಯಂತ್ರದಲ್ಲಿ, ಎರಡೂ ತಂಡದವರ ಎದುರು ತೂಗಿ. ಗುರುತಿನ ಚೀಟಿ ನೋಡಿ 12 ಹೆಸರು ಬರೆದುಕೊಂಡ ಮೇಲೆ ಬದಲಾವಣೆ ಇಲ್ಲ. ಸಮಬಲವಾದರೆ ಐದೈದು ದಾಳಿ, ಅದೂ ಸಮವಾದರೆ ಗೋಲ್ಡನ್ ರೈಡ್ (ಗೆಲುವನ್ನು ತೀರ್ಮಾನಿಸುವ ಒಂದೇ ದಾಳಿ) ಎಂದು ಕರೆಪತ್ರದಲ್ಲೇ ಅಚ್ಚು ಹಾಕಿಸಿ. ತೀರ್ಪುಗಾರರನ್ನು ಜಿಲ್ಲಾ ಅಮೆಚೂರ್ ಕಬಡ್ಡಿ ಸಂಸ್ಥೆಯ ಮೂಲಕ ಕರೆಸಿ; ಆಡುವ ತಂಡಗಳ ಊರಿನವರು ಬೇಡ. ಚೀಟಿ ಎತ್ತಿ ಜೋಡಿ ಮಾಡಿದ ಬಳಿಕ ಮೊದಲ ಸುತ್ತಿನಲ್ಲಿ ಹತ್ತಿರದ ತಂಡಗಳನ್ನು ಮೊದಲು ಆಡಿಸಿ, ದೂರದವರು ಬಂದು ಮೈ ಬಿಸಿಮಾಡಿಕೊಳ್ಳಲು ಹೊತ್ತು ಸಿಗುತ್ತದೆ.

16 ತಂಡಕ್ಕೆ 192 ಆಟಗಾರರು. ತೀರ್ಪುಗಾರರು, ಸ್ವಯಂಸೇವಕರು ಸೇರಿ 250 ಊಟ. ತಲೆಗೆ ಎರಡು ಲೀಟರಿನಂತೆ 20 ಲೀಟರಿನ 25 ಕ್ಯಾನು ನೀರು, ಪ್ರೇಕ್ಷಕರಿಗೆ ಬೇರೆ. ಐಸ್ ಪೆಟ್ಟಿಗೆ, ಕ್ರೇಪ್ ಬ್ಯಾಂಡೇಜ್, ಸ್ಟ್ರೆಚರ್ ಅಂಕಣದ ಬದಿಯಲ್ಲೇ ಇರಲಿ. ವಾಹನವೊಂದು ಗೇಟಿನ ಕಡೆ ಮುಖ ಮಾಡಿ ನಿಂತಿರಲಿ. ಕುತ್ತಿಗೆಗೆ ಪೆಟ್ಟಾದವರನ್ನು ಮಾತ್ರ ಎತ್ತಿ ಓಡಬೇಡಿ; ಅಲುಗಿಸದೆ 108ಕ್ಕೆ ಕರೆ ಮಾಡಿ.

ಸಭಾ ಕಾರ್ಯಕ್ರಮವನ್ನು ಎರಡನೇ ಸೆಮಿಫೈನಲ್ ಮತ್ತು ಫೈನಲ್ ನಡುವೆ ಇಡಿ, ಅರ್ಧ ಗಂಟೆಗೆ ಮುಗಿಸಿ. ಫೈನಲ್ ಆಡುವವರಿಗೆ ವಿಶ್ರಾಂತಿ ಸಿಗುತ್ತದೆ, ಜನ ಕದಲುವುದಿಲ್ಲ. ದೇಣಿಗೆ ಡಬ್ಬಿ ಹಿಡಿದು ತಿರುಗಬೇಕಾದ ಹೊತ್ತೂ ಅದೇ. ಶಾಲು, ಹಾರ ಬಿಟ್ಟರೆ ಉಳಿಯುವ ಹಣವೂ ಸಣ್ಣದಲ್ಲ.

ನೆರವು ಪಡೆಯುವ ರೋಗಿಯನ್ನೋ ಅವರ ಮನೆಯವರನ್ನೋ ವೇದಿಕೆಗೆ ಕರೆದು ದೊಡ್ಡ ರಟ್ಟಿನ ಚೆಕ್ ಹಿಡಿಸಿ ಫೋಟೊ ತೆಗೆಯಬೇಡಿ. ನಾಳೆ ಅದೇ ಊರಿನಲ್ಲಿ ಅವರು ತಲೆಯೆತ್ತಿ ನಡೆಯಬೇಕು. ಚಿಕಿತ್ಸೆಯ ಹಣವನ್ನು ನೇರ ಆಸ್ಪತ್ರೆಯ ಬಿಲ್ಲಿಗೆ ಕಟ್ಟಿ, ರಸೀದಿಯನ್ನು ಮನೆಗೆ ತಲುಪಿಸಿ.

ಆಮೇಲೆ

ಡಬ್ಬಿಗಳನ್ನು ಅದೇ ರಾತ್ರಿ ನಾಲ್ವರ ಎದುರು ಒಡೆದು ಎಣಿಸಿ ಸಹಿ ಹಾಕಿ. ಮರುದಿನ ಮೈದಾನ ಗುಡಿಸಿ, ಕಂಬದ ಗುಂಡಿ ಮುಚ್ಚಿ ಶಾಲೆಗೆ ಒಪ್ಪಿಸಿ. 15 ದಿನದೊಳಗೆ ಜಮಾ-ಖರ್ಚಿನ ಹಾಳೆಯನ್ನು ಪಂಚಾಯತ್ ಫಲಕದಲ್ಲೂ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಹಾಕಿ. ಬಳಸದೆ ಉಳಿದ ರಸೀದಿಗಳ ಕ್ರಮಸಂಖ್ಯೆಯೂ ಅದರಲ್ಲಿರಲಿ.