ಮುಂಬೈಗೆ ಹೊಸಬರಾ? ಮೊದಲು ಲೋಕಲ್ ಕಲಿಯಿರಿ

ಊರಿಂದ ಕೆಲಸಕ್ಕೆ ಬಂದ ಹೊಸತರಲ್ಲಿ ತುಂಬಾ ಜನ ಹೇಳುವ ಮಾತು ಒಂದೇ: "ಇಲ್ಲಿಯವರು ಮುಖ ಕೊಟ್ಟು ಮಾತಾಡಲ್ಲ." ಹಾಗೆ ಅನ್ನಿಸೋದು ಸಹಜ. ಆದರೆ ಇಲ್ಲಿ ಎಷ್ಟೋ ಜನರ ದಿನದ ಎರಡು ಮೂರು ತಾಸು ಓಡಾಟದಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಮಾತು ಚುಟುಕು. ಅದನ್ನು ಸಿಟ್ಟು ಅಂದುಕೊಳ್ಳಬೇಡಿ.

ಲೋಕಲ್ ರೈಲು ಹತ್ತಿದರೆ ಇದು ಗೊತ್ತಾಗುತ್ತದೆ. ಮೂವರ ಸೀಟಿನ ಪಕ್ಕ ನಾಲ್ಕನೆಯವರು ಬಂದು ನಿಂತರೆ ಕೂತವರು ಸುಮ್ನೆ ಸರಿಯುತ್ತಾರೆ. ಆ ತುದಿ ಜಾಗವೇ ಚೌಥಿ ಸೀಟ್. ನಿಮಗೆ ಯಾರಾದರೂ ಕೈಸನ್ನೆ ಮಾಡಿದರೆ ನೀವೂ ಸರಿಯಿರಿ. ಬೆನ್ನಿನ ಬ್ಯಾಗ್ ಎದೆಗೆ ಹಾಕಿಕೊಳ್ಳಿ. ಇಲ್ಲವೇ ಒಳಗಿನವರ ಕೈಗೆ ಕೊಡಿ, ಮೇಲೆ ಇಟ್ಟುಕೊಡುತ್ತಾರೆ. ದಾದರಿನಲ್ಲಿ ಇಳಿಯೋದಾದರೆ ಹಿಂದಿನ ಸ್ಟೇಷನ್‌ನಲ್ಲೇ ಎದ್ದು, ಮುಂದೆ ನಿಂತವರನ್ನು "ದಾದರ್ ಉತರೇಂಗೆ?" ಅಂತ ಕೇಳಿ. ಹೌದು ಅಂದರೆ ಅವರ ಹಿಂದೆ ನಿಲ್ಲಿ. ಇಲ್ಲ ಅಂದರೆ ಅವರೇ ದಾರಿ ಬಿಡುತ್ತಾರೆ. ಬೋರಿವಲಿಯಲ್ಲಿ ಇಳಿಯುವವರು ಸಂಜೆ ಹೊತ್ತು ವಿರಾರ್ ಫಾಸ್ಟ್ (ಬೋರಿವಲಿ ದಾಟಿ ವಿರಾರ್‌ವರೆಗೆ ಹೋಗುವ, ಕೆಲವೇ ಸ್ಟೇಷನ್‌ಗಳಲ್ಲಿ ನಿಲ್ಲುವ ಗಾಡಿ) ಹತ್ತಲೇಬೇಡಿ. ಬಾಗಿಲ ಹತ್ತಿರ ಬರೋದರೊಳಗೆ ನಿಮ್ಮ ಸ್ಟೇಷನ್ ದಾಟಿರುತ್ತದೆ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ರೈಲು ನಿಂತವು. ನೀರಲ್ಲಿ ನಡೆದು ಹೊರಟ ಅಪರಿಚಿತರಿಗೆ ಚಹಾ, ಬಿಸ್ಕತ್ತು ಕೊಟ್ಟು, ರಾತ್ರಿ ತಂಗಲು ಜಾಗ ಕೊಟ್ಟವರು ಇದೇ ಚುಟುಕು ಮಾತಿನ ಜನ.

ಬೆಂಗಳೂರಿಂದ ಬಂದವರಿಗೆ ಇಲ್ಲಿನ ರಿಕ್ಷಾ ಖಂಡಿತ ಖುಷಿ ಕೊಡುತ್ತದೆ. ಕೂತ ಕೂಡಲೇ ಮೀಟರ್ ಹಾಕುತ್ತಾರೆ, ಚಿಲ್ಲರೆ ವಾಪಸ್ ಕೊಡುತ್ತಾರೆ. ಚೌಕಾಸಿ ಬೇಡ. ನಡುರಾತ್ರಿ 12ರ ಮೇಲೆ ಬೆಳಗಿನ 5ರವರೆಗೆ ಕಾಲು ಭಾಗ ಜಾಸ್ತಿ. ಬಾಂದ್ರಾ, ಸಾಯನ್ ಆಚೆ ದಕ್ಷಿಣ ಮುಂಬೈ ಕಡೆ ರಿಕ್ಷಾ ಓಡುವುದಿಲ್ಲ, ಟ್ಯಾಕ್ಸಿ ಹಿಡಿಯಬೇಕು.

ಬಾಡಿಗೆ ಮನೆಗೆ ಸಾಮಾನ್ಯವಾಗಿ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು. ಅದು ನೋಂದಣಿ ಆಗಲೇಬೇಕು, ಬರೀ ಸ್ಟಾಂಪ್ ಪೇಪರ್ ನಂಬಬೇಡಿ. ಕೆಲವು ಹೌಸಿಂಗ್ ಸೊಸೈಟಿಗಳಲ್ಲಿ ಮೀನು ಮಾಂಸ ತಿನ್ನುವವರಿಗೆ ಮನೆ ಕೊಡಲ್ಲ. ನನಗಂತೂ ಇದು ಸರಿ ಕಾಣುವುದಿಲ್ಲ. ಆದರೂ ಡಿಪಾಸಿಟ್ ಕೊಡುವ ಮೊದಲೇ ಕೇಳಿಬಿಡಿ.

ನಾಲ್ಕು ಮಾತು ಮರಾಠಿ ಕಲಿಯಿರಿ. ತರಕಾರಿ ಮಾರುವವರನ್ನು ಮಾವಶಿ (ಚಿಕ್ಕಮ್ಮ), ಕಾಕಾ (ಚಿಕ್ಕಪ್ಪ) ಅಂತ ಕರೆದು ನೋಡಿ, ವ್ಯವಹಾರವೇ ಬೇರೆ ಆಗುತ್ತದೆ.

ಊರ ನೆನಪು ಕಾಡಿದಾಗ ಮಾಟುಂಗಾಕ್ಕೆ ಬನ್ನಿ. ಹಗಲು ಉಡುಪಿ ಹೋಟೆಲಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗರು ಬೆಳೆಸಿದ ಕನ್ನಡ ಈ ನಗರದ್ದು. 1926ರಲ್ಲಿ ಶುರುವಾದ ಕನ್ನಡಿಗರ ಸಂಸ್ಥೆ ಮೈಸೂರು ಅಸೋಸಿಯೇಷನ್ ಇರೋದು ಮಾಟುಂಗಾ ಪೂರ್ವದಲ್ಲಿ, ಸೆಂಟ್ರಲ್ ಲೈನಿನ ಮಾಟುಂಗಾದಲ್ಲಿ ಇಳಿಯಿರಿ. ಕರ್ನಾಟಕ ಸಂಘ ಪಶ್ಚಿಮದಲ್ಲಿದೆ, ಅಲ್ಲಿಗೆ ವೆಸ್ಟರ್ನ್ ಲೈನಿನ ಮಾಟುಂಗಾ ರೋಡ್ ಹತ್ತಿರ. ಎರಡೂ ಸ್ಟೇಷನ್‌ಗೆ ಫಾಸ್ಟ್ ನಿಲ್ಲಲ್ಲ, ಸ್ಲೋ ಗಾಡಿಯನ್ನೇ ಹತ್ತಿ.