ಎರಡು ಮೂರು ಆನ್‌ಲೈನ್ ಆಟಗಳಿಗೆ ಸಮಯ ಹೊಂದಿಸುವ ಬಗೆ
ಒಂದಕ್ಕಿಂತ ಹೆಚ್ಚು ಆನ್‌ಲೈನ್ ಆಟಗಳನ್ನು ಆಡಬಯಸುವವರು ಮೊದಲು ಯಾವ ಆಟ ಒಮ್ಮೆಗೆ ಎಷ್ಟು ಹೊತ್ತು ಬೇಡುತ್ತದೆ ಎಂಬುದನ್ನು ಗಮನಿಸಬೇಕು. ಕಾರುಗಳಿಂದ ಚೆಂಡಾಡುವ ರಾಕೆಟ್ ಲೀಗ್ ಆಟದಲ್ಲಿ ಪಂದ್ಯದ ಗಡಿಯಾರ 5 ನಿಮಿಷದ್ದಾದ್ದರಿಂದ, ಒಲೆಯ ಮೇಲಿಟ್ಟ ಕುಕ್ಕರ್ ಕೂಗುವಷ್ಟರಲ್ಲಿ ಒಂದು ಪಂದ್ಯವನ್ನು ಆಡಿ ಮುಗಿಸಬಹುದು. ಐವರ ತಂಡಗಳು ಗುಂಡಿನ ಕಾಳಗ ನಡೆಸುವ ವ್ಯಾಲೊರಂಟ್‌ನಲ್ಲಾದರೋ ಸಾಮಾನ್ಯ ಪಂದ್ಯ ಗೆಲ್ಲಲು 13 ಸುತ್ತುಗಳು ಬೇಕು. ನಡುವೆ ಎದ್ದುಹೋದರೆ ತಂಡದ ಉಳಿದ ನಾಲ್ವರಿಗೆ ಅನ್ಯಾಯವಾಗುವುದರಿಂದ, ಮುಕ್ಕಾಲು ಗಂಟೆ ಬಿಡುವಿಲ್ಲದಿದ್ದರೆ ಅದನ್ನು ಆರಂಭಿಸಲೇಬಾರದು. ಪಾತ್ರ ವಹಿಸಿ ಆಡುವ ಫೈನಲ್ ಫ್ಯಾಂಟಸಿ 14ರಲ್ಲಿ ವಾರಕ್ಕೊಮ್ಮೆ ಮಾಡುವ ಕೆಲಸಗಳು ನಮ್ಮ ಕಾಲಮಾನದಲ್ಲಿ ಮಂಗಳವಾರ ಮಧ್ಯಾಹ್ನ 1.30ಕ್ಕೆ ಹೊಸದಾಗುತ್ತವೆ, ಅವನ್ನು ಭಾನುವಾರ ಸಂಜೆ ಒಟ್ಟಿಗೆ ಮುಗಿಸಿ, ಉಳಿದ ದಿನಗಳನ್ನು ಚಿಕ್ಕ ಆಟಗಳಿಗೆ ಬಿಡುವುದು ಲೇಸು. ನಿತ್ಯದ ಬಹುಮಾನ ತಪ್ಪೀತೆಂದು ಮಾತ್ರ ತೆರೆಯುವ ಆಟವನ್ನು ಸಂಕೋಚವಿಲ್ಲದೆ ಕೈಬಿಡಿ. ಅಪ್‌ಡೇಟ್‌ಗಳನ್ನು ಹಿಂದಿನ ರಾತ್ರಿಯೇ ಹಾಕಿಡಿ. ಇಲ್ಲವಾದರೆ ಸಿಕ್ಕ ಅರ್ಧ ಗಂಟೆ ಡೌನ್‌ಲೋಡ್ ಕಾಯುವುದರಲ್ಲೇ ಕಳೆದುಹೋಗುತ್ತದೆ.